ಉಗುಳುತ್ತಿದ್ದ ಮಾತ್ರೆ

ದೋಸೆ ಹೊಯ್ದೆ. ಇವರನ್ನು ಉಡುಪಿಯ ಬಸ್ಸಿಗೆ ಕಳಿಸಿದೆ. ಅತ್ತೆಯ ಸ್ನಾನಕ್ಕೆ ಬಿಸಿನೀರು ತೋಡಿಟ್ಟೆ. ಬಂಗುಡೆ ಮೀನು ತೊಳೆದು ಪದಾರ್ಥ ಮಾಡಿದೆ. ಹಲಸಿನ ಹಪ್ಪಳದ ಚಾಪೆ ಹೊತ್ತು ಟೆರೇಸಿಗೆ ಹತ್ತಿದೆ. ಮೆಟ್ಟಿಲು ಮುಗಿಯುವಷ್ಟರಲ್ಲಿ ಗಂಟಲು ಹಿಡಿಯಿತು.

ಹೊಸತೇನಲ್ಲ. ಆ ಬೇಸಿಗೆಯಿಡೀ ಹಾಗೆಯೇ. ಕಾಪು ಪೇಟೆಯಿಂದ ಚೀಲ ಹೊತ್ತು ಬರುವಾಗ, ಬಾವಿಯಿಂದ ನೀರು ಸೇದುವಾಗ, ಗಂಟಲಿನ ಬುಡದಲ್ಲಿ ಯಾರೋ ಹೆಬ್ಬೆರಳು ಒತ್ತಿದ ಹಾಗೆ. ಕೆಮ್ಮಿಲ್ಲ, ನುಂಗಲು ಕಷ್ಟವಿಲ್ಲ. ಅತ್ತೆಯ ಬಳಿ ಇದಕ್ಕೆ ಮದ್ದಿತ್ತು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಒಂದು ಆಸ್ಪಿರಿನ್ ಕರಗಿಸಿ ಗಾರ್ಗಲ್ ಮಾಡುವುದು. ನುಂಗಬಾರದು, ಹೊಟ್ಟೆ ಉರಿಯುತ್ತದೆ, ಉಗುಳಬೇಕು ಎನ್ನುತ್ತಿದ್ದರು. ನಾನು ಒಲೆಯ ಮೇಲೆ ನೀರಿಟ್ಟು, ಮಣೆ ಎಳೆದುಕೊಂಡು ಕೂರುತ್ತಿದ್ದೆ. ಗಾರ್ಗಲ್ ಮಾಡಿ ಏಳುವಾಗ ನೋವಿರುತ್ತಿರಲಿಲ್ಲ. ಕುಕ್ಕುಂದೂರಿನ ತಂಗಿಗೂ ಫೋನಿನಲ್ಲಿ ಈ ಮದ್ದು ಹೇಳಿದ್ದೆ.

ಆ ದಿನ ನೋವು ಹೋಗಲಿಲ್ಲ.

ದವಡೆಗೆ ಏರಿತು. ಸೀರೆ ಬೆವರಿಗೆ ಒದ್ದೆಯಾಯಿತು. ಅತ್ತೆಯೇ ಪಕ್ಕದ ಮನೆಯವರನ್ನು ಕೂಗಿ ರಿಕ್ಷಾ ತರಿಸಿದರು. ಪೇಟೆಯ ಡಾಕ್ಟರು ಇಸಿಜಿ ತೆಗೆದು, ಅದರ ಕಾಗದ ನೋಡುತ್ತಲೇ ನನ್ನ ಅಂಗೈಗೆ ಮಾತ್ರೆ ಹಾಕಿದರು. ಆಸ್ಪಿರಿನ್. ನಾನು ಬಿಸಿನೀರಿಗಾಗಿ ಸುತ್ತ ನೋಡಿದೆ.

"ಜಗಿದು ನುಂಗಿ, ಅಮ್ಮ."

"ನುಂಗುವುದಾ? ಉಗುಳುವುದಲ್ವಾ?"

ನಾನು ಕೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಅವರು ಹಾರ್ಟ್ ಎಂದದ್ದು ನನಗೂ. ನೋಯುತ್ತಿದ್ದದ್ದು ಗಂಟಲು.

ಮಣಿಪಾಲದಲ್ಲಿ ಆಂಜಿಯೋಗ್ರಾಮ್, ಒಂದು ಬ್ಲಾಕ್, ಒಂದು ಸ್ಟೆಂಟ್. ಇವರು ಯಾವಾಗ ಬಂದರು, ನನ್ನ ಬಳೆಗಳನ್ನು ಯಾರು ತೆಗೆದರು, ಈಗಲೂ ನೆನಪಾಗುವುದಿಲ್ಲ. ವಾರ್ಡಿಗೆ ಬಂದ ಮೇಲೆ, ನನಗಿಂತ ಎಷ್ಟೋ ಸಣ್ಣ ಪ್ರಾಯದ ಲೇಡಿ ಡಾಕ್ಟರೊಬ್ಬರು ಮೊದಲಿನಿಂದ ಎಲ್ಲ ಕೇಳಿದರು.

"ನೀರು ಬಿಸಿಯಾಗುವವರೆಗೆ ಎಂತ ಮಾಡ್ತಿದ್ರಿ?"

"ಎಂತ ಮಾಡುವುದು, ಸುಮ್ಮನೆ ಕೂತಿರ್ತಿದ್ದೆ."

"ಆಗ ನೋವು?"

ಯೋಚಿಸಿದೆ. ಎಷ್ಟೋ ಸಲ ನೀರು ಬಾಯಿಗೆ ಹೋಗುವ ಮೊದಲೇ ನೋವು ಹೋಗಿರುತ್ತಿತ್ತು. ಕಾಸಿದ ನೀರು ದಂಡವಾಗಬಾರದೆಂದು ಗಾರ್ಗಲ್ ಮಾಡುತ್ತಿದ್ದೆ. ಹಾಗೆಯೇ ಹೇಳಿದೆ.

"ಕೂತದ್ದೇ ಮದ್ದಾಗಿದ್ದದ್ದು, ಅಮ್ಮ," ಎಂದರು ಡಾಕ್ಟರು.

ದುಡಿಯುವಾಗ ಹೃದಯಕ್ಕೆ ರಕ್ತ ಸಾಲುವುದಿಲ್ಲ, ಕೂತರೆ ಸಾಲುತ್ತದೆ, ಕೆಲವರಿಗೆ ಆ ನೋವು ಗಂಟಲಲ್ಲಿ ಕಾಣಿಸುತ್ತದೆ ಎಂದು ವಿವರಿಸಿದರು. ತಲೆಯಾಡಿಸಿದೆ. ಮನೆಗೆ ಬಂದಾಗ ಅತ್ತೆ, "ಗಂಟಲಿಗೂ ಹಾರ್ಟಿಗೂ ಎಂತ ಸಂಬಂಧ ಮಾರಾಯ್ತಿ?" ಎಂದರು. ಡಾಕ್ಟರು ಹೇಳಿದ್ದನ್ನೇ ಹೇಳಲು ಹೊರಟೆ. ಅರ್ಧದಲ್ಲಿ ನನಗೇ ತಪ್ಪಿಹೋಯಿತು. ಈಗ ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಊಟದ ಬಳಿಕ ಆಸ್ಪಿರಿನ್ ನುಂಗುತ್ತೇನೆ. ನುಂಗುವಾಗ ಪ್ರತಿ ಸಲ ಒಂದು ಗಳಿಗೆ ನಾಲಗೆ ತಡೆಯುತ್ತದೆ.

ಮೊನ್ನೆ ಮಳೆಯಲ್ಲಿ ನೆನೆದೆ. ಮರುದಿನ ಗಂಟಲು ನೋವು.

ಇದು ಯಾವುದು? ಕೂತು ನೋಡಿದೆ, ಹೋಗಲಿಲ್ಲ. ಅಂಗಳದಲ್ಲಿ ನಡೆದು ನೋಡಿದೆ, ಹೆಚ್ಚಾಗಲೂ ಇಲ್ಲ. ಉಗುಳು ನುಂಗಿದರೆ ಚುರ್ರೆನ್ನುತ್ತಿತ್ತು. ನನ್ನ ಗಂಟಲನ್ನು ನಾನೇ ನಂಬದ ಹಾಗಾಗಿತ್ತು. ಇವರು ರಿಕ್ಷಾ ತಂದರು. ಪೇಟೆಯ ಡಾಕ್ಟರು ಇಸಿಜಿ ತೆಗೆದರು, ಬಾಯಿಗೆ ಟಾರ್ಚು ಹಿಡಿದು ನೋಡಿದರು. ಇವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ಶೀತ," ಎಂದರು ಡಾಕ್ಟರು. "ಬರೀ ಶೀತ."

ಶೀತ ಬಂತೆಂದು ಇಷ್ಟು ಸಂತೋಷಪಟ್ಟ ಮನೆ ಬೇರೆ ಇರಲಿಕ್ಕಿಲ್ಲ. ಅತ್ತೆ ಮೊಮ್ಮಗು ಹುಟ್ಟಿದ ಸುದ್ದಿಯ ಹಾಗೆ ಪಕ್ಕದ ಮನೆಗೆ ಹೋಗಿ ಹೇಳಿಬಂದರು.

ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಉಪ್ಪಿನಕಾಯಿ ಇವರಿಗೂ ಅತ್ತೆಗೂ ಮಾತ್ರ, ನನಗೆ ಉಪ್ಪು ಕಡಿಮೆ. ಆಸ್ಪತ್ರೆಯಿಂದ ಬಂದಂದಿನಿಂದ ನನಗೆ ನಿದ್ದೆ ಹತ್ತುವವರೆಗೆ ಇವರು ಕಣ್ಣು ಮುಚ್ಚಿದವರಲ್ಲ. ಆ ರಾತ್ರಿ ನಾನು ಸೀನುತ್ತಾ ಮಗ್ಗುಲು ಬದಲಿಸುತ್ತಿದ್ದೆ. ಮೊದಲು ನಿದ್ದೆ ಹೋದದ್ದು ಇವರು.