ಗೇಟಿನಾಚೆ ನಿಂತು ಕೇಳಿಸಿಕೊಂಡವರು

ಹೋದ ತಿಂಗಳು ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಫ್ಯಾನ್ ಮೋಟಾರು ಹುಡುಕುತ್ತಿದ್ದೆ. ಕಬ್ಬಿಣದ ರಾಶಿಯ ನಡುವೆ ಬಿಳಿ ಪಿಂಗಾಣಿಯ ಫ್ಯೂಸೊಂದು ಕೈಗೆ ಸಿಕ್ಕಿತು. ಅಂಚು ಮುಕ್ಕಾಗಿತ್ತು. ಹಿಡಿದಾಗ ತಣ್ಣಗಿತ್ತು, ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಯೋಚಿಸದೆಯೇ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡುಬಿಟ್ಟೆ. ಅಂಗಡಿಯವನು, "ಏನ್ ಗುರು, ಕೇಳ್ದೇನೇ ಜೇಬಿಗೆ ಇಳಿಸ್ಬಿಟ್ರಿ?" ಎಂದು ನಕ್ಕ. ನಾಚಿಕೆಯಾಗಿ ತೆಗೆದಿಟ್ಟೆ. ಕಿತ್ತ ಫ್ಯೂಸು ಜೇಬಿಗೇ ಹೋಗಬೇಕು ಎಂದು ನನ್ನ ಕೈಗೆ ಅಭ್ಯಾಸ ಮಾಡಿಸಿದವರು ಭಾಯಿ.

ನಾನು ಎಸಿ ಕೆಲಸದವನು. ರಾಯಚೂರಿನ ಕಡೆಯಿಂದ ಬಂದು ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ತಾಮ್ರದ ಪೈಪು ಬೆಸೆಯುವುದು, ಗ್ಯಾಸ್ ತುಂಬುವುದು ನನ್ನ ಪಾಲು. ವೈರಿಂಗ್ ಭಾಯಿಯ ಪಾಲು. ಅವರ ಮನೆ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಬೆಳಿಗ್ಗೆ ಹಲಸೂರಿನಲ್ಲಿ ನನ್ನ ಬೈಕಿನ ಹಿಂದೆ ಕೂತರೆ, ಸಾಮಾನಿನ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ನನ್ನನ್ನು 'ಛೋಟೆ' ಎನ್ನುತ್ತಿದ್ದರು, ಚಿಕ್ಕವನೇ ಎಂದು.

ದೊಡ್ಡ ಮನೆಗಳಲ್ಲಿ ಕೋಣೆಗೊಂದು ಎಸಿ ಬಿಟ್ಟು, ಇಡೀ ಮನೆಗೆ ಒಂದೇ ಎಸಿ ಹಾಕಿಸುವುದು ಆಗ ಹೆಚ್ಚಾಗುತ್ತಿತ್ತು. ತಾರಸಿಯ ಮೇಲೆ ಬೀರುವಿನಷ್ಟು ದೊಡ್ಡ ಮಿಷನ್ನು, ಒಳಗೆ ಕೋಣೆ ಕೋಣೆಗೂ ಗಾಳಿಯ ಕೊಳವೆ. ಭಾಯಿ ಮೊದಲು ಕೆಳಗಿನ ಮೇನ್ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕುತ್ತಿದ್ದರು, ಬೇರೆ ಯಾರೂ ಸಿಕ್ಕಿಸಬಾರದೆಂದು. ಆಮೇಲೆ ಟೆಸ್ಟರನ್ನು ಕರೆಂಟಿರುವ ಕಡೆ ಮುಟ್ಟಿಸಿ, ಅದು ಹತ್ತುತ್ತದೆಂದು ನೋಡಿ, ಮೇಲೆ ಹತ್ತಿ ಸತ್ತ ವೈರಿಗೆ ಮುಟ್ಟಿಸಿ, ಮತ್ತೆ ಕೆಳಗಿಳಿದು ಕರೆಂಟಿರುವ ಕಡೆ ನೋಡುತ್ತಿದ್ದರು.

"ಟೆಸ್ಟರೇ ಸತ್ತಿದ್ರೆ ಎಲ್ಲಾ ವೈರೂ ಸತ್ತಿದೆ ಅನ್ನತ್ತೆ, ಛೋಟೆ."

"ಸಂಜೆ ಒಳಗ ಕೆಲಸ ಶುರು ಮಾಡ್ತೀರೇನು ಭಾಯಿ?" ಎಂದು ನಾನು ಕೆಣಕುತ್ತಿದ್ದೆ.

"ಇರು, ಹೆಂಡ್ತಿಗೆ ಫೋನ್ ಹಾಕಿ ಕೇಳ್ತೀನಿ, ವಿಧವೆ ಆಗೋಕೆ ಅರ್ಜೆಂಟಾ ಅಂತ."

ಇಷ್ಟಾದ ಮೇಲೂ, ಪ್ರತಿ ಸಲ ವೈರು ಹಿಡಿಯುವ ಮುಂಚೆ ಕೈಯ ಹಿಂಭಾಗವನ್ನು ಅದಕ್ಕೆ ಮೆಲ್ಲಗೆ ತಾಗಿಸುತ್ತಿದ್ದರು. ಅಂಗೈ ತಾಗಿದರೆ ಕರೆಂಟು ಹಿಡಿದುಕೊಳ್ಳುತ್ತದೆ, ಹಿಂಭಾಗ ತಾಗಿದರೆ ತಳ್ಳುತ್ತದೆ ಎನ್ನುತ್ತಿದ್ದರು.

ಇಂದಿರಾನಗರದಲ್ಲಿ ನಾವು ಎಸಿ ಹಾಕುತ್ತಿದ್ದ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದರು. ಅಡುಗೆಯಾಕೆ ಅವರನ್ನು ಸ್ವಂತ ತಾಯಿಯ ಹಾಗೆ ನೋಡಿಕೊಳ್ಳುತ್ತಿದ್ದಳು. ನಮಗೂ ಹೊತ್ತುಹೊತ್ತಿಗೆ ಮಜ್ಜಿಗೆ, ಊಟಕ್ಕೆ ಉಪ್ಪಿನಕಾಯಿ ತರುತ್ತಿದ್ದಳು. ಮನೆಗೆ ಜನರೇಟರ್ ಇತ್ತು. ಅದನ್ನು ಹಾಕಬಾರದೆಂದು ಭಾಯಿ ಬೆಳಿಗ್ಗೆಯೇ ವಾಚ್‌ಮನ್‌ಗೆ ಎರಡೆರಡು ಸಲ ಹೇಳಿದ್ದರು. ಮಧ್ಯಾಹ್ನ ವಾಚ್‌ಮನ್ ಊಟಕ್ಕೆ ಹೋದ. ಫ್ಯಾನು ನಿಂತು ಅಜ್ಜಿ ಬೆವರುತ್ತಿದ್ದರು. ಈ ಊರಿನಲ್ಲಿ ಫ್ಯಾನು ನಿಂತರೆ ಕರೆಂಟ್ ಹೋಯಿತೆಂದೇ ಅರ್ಥ... ಯಾರಾದರೂ ತೆಗೆದಿರಬಹುದೆಂದು ಯಾರು ಯೋಚಿಸುತ್ತಾರೆ? ಅಡುಗೆಯಾಕೆ ಹೋಗಿ ಜನರೇಟರ್ ಶುರು ಮಾಡಿ, ಮನೆಯ ವೈರುಗಳನ್ನು ಅದಕ್ಕೆ ಸೇರಿಸುವ ಗೋಡೆಯ ಹಿಡಿಯನ್ನು ಮೇಲಕ್ಕೆತ್ತಿದಳು. ಆ ಕರೆಂಟಿಗೆ ಭಾಯಿಯ ಜೇಬಿನಲ್ಲಿದ್ದ ಫ್ಯೂಸು ಬೇಕಿರಲಿಲ್ಲ.

ಮೇಲೆ ನಮಗೆ ಆ ಸದ್ದು ಕೇಳಿಸಿತು. ಆದರೆ ಆ ಬೀದಿಯಲ್ಲಿ ಜನರೇಟರ್ ಸದ್ದೆಂದರೆ ಕಾಗೆ ಕೂಗಿದ ಹಾಗೆ, ಪಕ್ಕದ ಮನೆಯದೆನಿಸಿತು. ಭಾಯಿ ಬೆವರು ಇಳಿದ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಮತ್ತೆ ವೈರು ಹಿಡಿಯುವ ಮುಂಚೆ ಅಭ್ಯಾಸದಂತೆ ಕೈಯ ಹಿಂಭಾಗ ತಾಗಿಸಿದರು.

ಕಿಡಿ ನನಗೆ ಕಾಣಲಿಲ್ಲ. ಅವರ ತೋಳು ಪೂರ್ತಿ ಹಿಂದಕ್ಕೆ ಎಸೆಯಲ್ಪಟ್ಟಿದ್ದು ಕಂಡಿತು. ಆಮೇಲೆ ಅವರು ತಾರಸಿಯ ಕಟ್ಟೆಗೆ ಒರಗಿ ಬಿದ್ದಿದ್ದರು. ಕನ್ನಡಕ ನೆಟ್ಟಗೇ ಇತ್ತು. ಕಣ್ಣು ತೆರೆದಿದ್ದರೂ ಉಸಿರಾಡುತ್ತಿಲ್ಲವೆನಿಸಿತು... ನಾನು ಕೂಗುತ್ತಲೇ ಇದ್ದೆನಂತೆ. ಸ್ವಲ್ಪ ಹೊತ್ತಿಗೆ ಅವರು ಉಸಿರೆಳೆದು, "ಕಿವಿ ಹತ್ರ ಕೂಗ್ಬೇಡ, ಛೋಟೆ" ಎಂದರು.

ಆಸ್ಪತ್ರೆಯಲ್ಲಿ ಎದೆ ಸರಿ ಇದೆ, ಕೈಯೂ ಸರಿ ಇದೆ ಎಂದರು. ಅಡುಗೆಯಾಕೆ ಅಲ್ಲಿಗೂ ಬಂದು ಅಳುತ್ತಾ ನಿಂತಿದ್ದಳು. "ಅಜ್ಜಿಗೆ ಸೆಕೆ ಆಯ್ತಲ್ಲಾ ಅಂತ ಹಾಕ್ಬಿಟ್ಟೆ ಅಣ್ಣಾ..." ಭಾಯಿ, "ನಿನ್ ಕೈಲಿ ಉಪ್ಪಿನಕಾಯಿ ಒಂದೇ ಖಾರ ಅಂದ್ಕೊಂಡಿದ್ದೆ ಕಣಮ್ಮಾ" ಎಂದು ಅವಳನ್ನು ನಗಿಸಿ ಕಳಿಸಿದರು.

ಆದರೆ ಆಮೇಲೆ ಅವರು ಕೆಲಸಕ್ಕೆ ಬರಲಿಲ್ಲ. ಸ್ವಿಚ್ಚಿನ ಪೆಟ್ಟಿಗೆ ತೆರೆದರೆ ಸಾಕು, ಬಲಗೈ ನಡುಗುತ್ತಿತ್ತು. ಭಾಮೈದನ ಲೇಸಿನ ಅಂಗಡಿಯಲ್ಲಿ ಕೂತರು. ನಾನು ಹೋದಾಗಲೆಲ್ಲ ಸೀರೆಯಂಚಿನ ಲೇಸನ್ನು ಅಳೆದು ಕತ್ತರಿಸುತ್ತಿರುತ್ತಿದ್ದರು. ಕತ್ತರಿ ಹಿಡಿದ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಅದನ್ನು ನೋಡಿ ನನಗೆ ಆಸೆಯಾಗುತ್ತಿತ್ತು... ಒಂದು ಸಲ ಬಂದರೆ ಸಾಕು, ಹೆದರಿಕೆ ಬಿಟ್ಟುಹೋಗುತ್ತದೆ, ಮತ್ತೆ ಹಲಸೂರಿನಿಂದ ನನ್ನ ಹಿಂದೆ ಕೂರುತ್ತಾರೆ ಎಂದು.

ಆ ಮನೆಯ ವೈರಿಂಗನ್ನು ಇನ್ನೊಬ್ಬರು ಮುಗಿಸಿದರು. ಮಿಷನ್ ಶುರು ಮಾಡುವ ಹಿಂದಿನ ದಿನವೇ ಕರೆಂಟು ಕೊಟ್ಟಿಟ್ಟೆ. ಕಂಪ್ರೆಸರಿನ ಬುಡದಲ್ಲಿರುವ ಹೀಟರು ರಾತ್ರಿಯಿಡೀ ಎಣ್ಣೆ ಕಾಯಿಸಬೇಕು, ಇಲ್ಲದಿದ್ದರೆ ಎಣ್ಣೆಗೆ ಸೇರಿದ ಗ್ಯಾಸು ಮಿಷನ್ನನ್ನು ಹಾಳು ಮಾಡುತ್ತದೆ. ಮನೆಯವರು ಅವಸರ ಮಾಡಿದರೆ ಭಾಯಿ, "ಅಕ್ಕಿ ನೆನೆಸಿದ ತಕ್ಷಣ ದೋಸೆ ಕೇಳ್ತೀರಾ ಸಾರ್?" ಎನ್ನುತ್ತಿದ್ದರು. ಈ ಸಲ ಆ ಮಾತನ್ನು ನಾನು ಹೇಳಿದೆ. ಹೇಳಿ, ಭಾಯಿಯ ಅಂಗಡಿಗೆ ಹೋಗಿ ಬೇಡಿಕೊಂಡೆ. "ನೀವೇನೂ ಮುಟ್ಟೋದು ಬ್ಯಾಡ್ರಿ. ಸುಮ್ನ ಜೊತೆಗಿರ್ರಿ."

ಮರುದಿನ ಅವರು ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಗೇಟಿನಾಚೆ ನಿಂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. "ಇಲ್ಲಿಂದ ಕೇಳಿಸತ್ತೆ, ನೀನು ಹೋಗು."

ತಾರಸಿಗೆ ಹತ್ತಿ ಸ್ವಿಚ್ ಹಾಕಿದೆ. ಮಿಷನ್ನು ಡಬ್ಬದೊಳಗೆ ಕಲ್ಲು ಕುಲುಕಿದ ಹಾಗೆ ಕರಕರ ಎಂದಿತು. ಏನೆಂದು ನಾನು ಬಗ್ಗಿ ನೋಡುವಷ್ಟರಲ್ಲಿ ಕೆಳಗಿನಿಂದ ದನಿ ಬಂತು: "ಬಂದ್ ಕರೋ! ಉಲ್ಟಾ ತಿರುಗ್ತಿದೆ!"

ಬಂದ್ ಮಾಡಿದೆ. ಮೂರು ಫೇಸಿನ ವೈರುಗಳು ಹಿಂದುಮುಂದಾಗಿದ್ದವು. ಎರಡನ್ನು ಅದಲುಬದಲು ಮಾಡಬೇಕಿತ್ತು, ಅಷ್ಟೇ. ಕೆಳಗೆ ಬಂದು ಅವರ ಮುಖ ನೋಡಿದೆ. ಅವರ ಕಣ್ಣು ತಾರಸಿಯ ಮೇಲಿತ್ತು. ಒಂದು ಕಾಲು ಗೇಟಿನೊಳಗೆ ಇಟ್ಟರು. ಅವರ ಬಲಗೈ ಬಿಳಿ ಅಂಗಿಯ ಅಂಚನ್ನು ಹಿಡಿದುಕೊಂಡಿತು. ಕಾಲು ಹಿಂದಕ್ಕೆ ಹೋಯಿತು.

"ನೀನೇ ಮಾಡು" ಎಂದರು. "ಜನರೇಟರ್ ಹತ್ರ ಯಾರಿದ್ದಾರೆ?"

ಅಡುಗೆಯಾಕೆ ಜನರೇಟರಿನ ಹಿಡಿಯ ಮುಂದೆ ಸ್ಟೂಲು ಹಾಕಿಕೊಂಡು, ಕೈಕಟ್ಟಿ ಕೂತಿದ್ದಳು. "ಇವತ್ತು ದೇವ್ರೇ ಬಂದು ಸೆಕೆ ಅಂದ್ರೂ ಹಾಕಲ್ಲ ಅಣ್ಣಾ!" ಎಂದು ಅಲ್ಲಿಂದಲೇ ಕೂಗಿದಳು. ಭಾಯಿ ನಕ್ಕರು.

ಫ್ಯೂಸು ಕಿತ್ತು, ಇಳಿದು ಹತ್ತಿ ಟೆಸ್ಟರು ನೋಡಿ, ವೈರು ಬದಲಿಸಿದೆ. ಈ ಸಲ ಮಿಷನ್ನು ಮೆಲ್ಲಗೆ ಗುಂಯ್ ಎಂದಿತು. ತಾರಸಿಯಂಚಿಗೆ ಬಂದು ನೋಡಿದರೆ, ಭಾಯಿ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ನನ್ನ ಕಡೆ ಕೈಯೆತ್ತಿ, ಮುಖ್ಯರಸ್ತೆಯ ಕಡೆ ನಡೆದರು. ನಾನು ಇಳಿದು ಓಡುವಷ್ಟರಲ್ಲಿ ತಿರುವಿನಲ್ಲಿ ಬಿಳಿ ಅಂಗಿ ಕಾಣಲಿಲ್ಲ.

ಅದಾದ ಮೇಲೆ ಎಷ್ಟೋ ಸಲ ಕರೆದೆ. "ನೋಡೋಣ" ಎನ್ನುತ್ತಿದ್ದರು. ಕೆಲಸ ಹೆಚ್ಚಾಗಿ ಅಂಗಡಿಯ ಕಡೆ ಹೋಗುವುದು ಕಡಿಮೆಯಾಯಿತು... ಒಂದು ದಿನ ಹೋದಾಗ ಅವರ ಜಾಗದಲ್ಲಿ ಭಾಮೈದ ಕೂತಿದ್ದ. ಭಾಯಿ ಕಾಯಿಲೆ ಬಿದ್ದು ತೀರಿಕೊಂಡು ಆಗಲೇ ತಿಂಗಳುಗಳಾಗಿದ್ದವು. "ನಿಮ್ಗೆ ಹೇಳ್ಬೇಕಿತ್ತು. ಫೋನಲ್ಲಿ 'ಛೋಟೆ' ಅಂತ ಒಂದು ನಂಬರ್ ಇತ್ತು. ಮನೆ ಹುಡುಗ್ರಲ್ಲಿ ಯಾರೋ ಇರ್ಬೇಕು, ಅವ್ರಿಗೆ ಗೊತ್ತಾಗಿರತ್ತೆ ಅಂದ್ಕೊಂಡ್ವಿ" ಎಂದ.

ಈಗ ವೈರಿಂಗಿಗೆ ಬೇರೆಯವರು ಬರುತ್ತಾರೆ, ಒಳ್ಳೆಯ ಕೆಲಸಗಾರರೇ. ಮಿಷನ್ ಶುರು ಮಾಡುವಾಗ ಸ್ವಿಚ್ಚನ್ನು ಅವರಿಗೆ ಬಿಟ್ಟು ನಾನು ಬೀದಿಗೆ ಇಳಿಯುತ್ತೇನೆ. ಮೊನ್ನೆ ದೊಡ್ಡನೆಕ್ಕುಂದಿಯ ಮನೆಯೊಂದರ ಮುಂದೆಯೂ ಹಾಗೇ ನಿಂತಿದ್ದೆ. ಸದ್ದು ಸರಿಯಾಗಿತ್ತು. ಭಾಯಿಗೆ ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ... ಸೊಪ್ಪಿನ ಗಾಡಿಯವನು ನನ್ನನ್ನು ನೋಡಿ, "ಏನ್ ಸಾರ್, ಪಾಲಕ್ ಕೊಡ್ಲಾ?" ಎಂದ.