ದಿನಕ್ಕೆ ನೂರಿಪ್ಪತ್ತು ಸಲ ರಸ್ತೆ ದಾಟುವ ಚನ್ನಬಸಮ್ಮ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಾಡುಗೋಡಿಯ ಆಚೆ, ಬಾಗಿಲು ಮುಚ್ಚಿ ವರ್ಷಗಳಾದ ಕಾರ್ಖಾನೆಯೊಂದರ ಆವರಣದಲ್ಲಿ ಮಂಜು ಮೊಣಕಾಲಿನವರೆಗೆ ತುಂಬಿಕೊಂಡಿದೆ. ನೀಲಗಿರಿ ಮರಗಳ ನಡುವೆ ಅರ್ಧ ಕಿಲೋಮೀಟರ್ ಉದ್ದದ ಡಾಂಬರು ರಸ್ತೆ. ಅದರ ಅಂಚಿನಲ್ಲಿ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ದೂರದಿಂದ ಬಿಳಿಯ ಪುಟ್ಟ ಬಸ್ಸೊಂದು ಸದ್ದಿಲ್ಲದೆ ತೇಲಿದಂತೆ ಬರುತ್ತದೆ. ಒಳಗೆ ಡ್ರೈವರ್ ಇಲ್ಲ. ಡ್ರೈವರ್ ಸೀಟೂ ಇಲ್ಲ, ಸ್ಟೇರಿಂಗೂ ಇಲ್ಲ. ಆಕೆ ರಸ್ತೆಗೆ ಇಳಿಯುತ್ತಾರೆ, ಬಸ್ಸು ನಿಲ್ಲುತ್ತದೆ. ದಾಟುತ್ತಾರೆ, ಬಸ್ಸು ಹೋಗುತ್ತದೆ. ಮತ್ತೆ ಬಂದು ಅಲ್ಲೇ ನಿಲ್ಲುತ್ತಾರೆ. ಕನಸಿನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರುತ್ತೇವಲ್ಲ, ನೋಡುವುದಕ್ಕೆ ಹಾಗಿದೆ.

ಇವರು ಚನ್ನಬಸಮ್ಮ. ವಯಸ್ಸು ನಲವತ್ತಾರು, ಗದಗ ಜಿಲ್ಲೆಯ ರೋಣದ ಕಡೆಯವರು. ಕೆಲಸ, ರಸ್ತೆ ದಾಟುವುದು. ತಮಾಷೆಯಲ್ಲ, ಕೊರಳಲ್ಲಿ ತೂಗುವ ಗುರುತಿನ ಚೀಟಿಯಲ್ಲಿ ‘ಪಾದಚಾರಿ’ ಎಂದೇ ಬರೆದಿದೆ. ದಿನಕ್ಕೆ ನೂರಿಪ್ಪತ್ತು ಸಲ, ವಾರಕ್ಕೆ ಆರು ದಿನ. ಬೆಂಗಳೂರಿನಲ್ಲಿ ನಾವೆಲ್ಲ ಬಿಟ್ಟಿಯಾಗಿ, ಜೀವ ಕೈಯಲ್ಲಿ ಹಿಡಿದುಕೊಂಡು ಮಾಡುವ ಕೆಲಸಕ್ಕೆ ಇವರಿಗೆ ಸಂಬಳ ಸಿಗುತ್ತದಲ್ಲ ಎಂದು, ಇವರ ಬಗ್ಗೆ ಬರೆಯಲು ಬಂದ ನನಗೆ ಮೊದಲು ಹೊಟ್ಟೆಯುರಿದದ್ದು ನಿಜ.

ಇವತ್ತು ಅವರ ಮುಖದಲ್ಲಿ ನಗುವಿಲ್ಲ. ಮೂರು ತಿಂಗಳು ಅವರು ಈ ಗಾಡಿಗೆ ಕಲಿಸಿದ್ದು ಉಳಿಯುತ್ತದೋ, ಅಳಿಸಿಹೋಗುತ್ತದೋ ಎನ್ನುವುದು ಇವತ್ತಿನ ಪರೀಕ್ಷೆಯಲ್ಲಿ ತೀರ್ಮಾನವಾಗಬೇಕು. ರಾತ್ರಿಯೆಲ್ಲ ನಿದ್ದೆ ಹತ್ತಿಲ್ಲ ಎನ್ನುತ್ತಾರೆ. ಪರೀಕ್ಷೆಗೆ ಕೂರುವುದು ಗಾಡಿ, ನಿದ್ದೆಗೆಟ್ಟವರು ಇವರು.

ಹನ್ನೆರಡು ವರ್ಷದ ಹಿಂದೆ ಊರು ಬಿಟ್ಟು ಬಂದವರು. ವೈಟ್‌ಫೀಲ್ಡಿನ ದೊಡ್ಡ ದೊಡ್ಡ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಏಳನೇ ಮಹಡಿ, ಎಂಟನೇ ಮಹಡಿ ಹತ್ತಿಳಿದು ಬಲಮೊಣಕಾಲು ಕೆಟ್ಟಿತು. ಭಾರ ಹೊರಬೇಡಿ ಎಂದರು ಡಾಕ್ಟರು. ಭಾರ ಹೊರದೆ ಬದುಕುವುದು ಹೇಗೆಂದು ಮಾತ್ರ ಅವರು ಹೇಳಲಿಲ್ಲ. ಈ ಆವರಣದಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಗುಡಿಸುತ್ತ ಗುಡಿಸುತ್ತ ಗಾಡಿ ಓಡುವ ರಸ್ತೆಗೆ ಬಂದ ಇವರನ್ನು ಕರೆದು, ಇದನ್ನೇ ಕೆಲಸ ಮಾಡಿಕೊಳ್ಳುತ್ತೀರಾ ಎಂದು ಕೇಳಿದ್ದು ಮೇಘಾ.

ಮೇಘಾ ಇಲ್ಲಿನ ಇಂಜಿನಿಯರ್, ಕುಂದಲಹಳ್ಳಿಯ ಹಳೇ ಮನೆತನದ ಹುಡುಗಿ. ಮೆಟ್ರೋ ನಿಲ್ದಾಣದಿಂದ ಆಫೀಸುಗಳವರೆಗೆ ಮುಂದೊಂದು ದಿನ ಇಂಥ ಬಸ್ಸು ಓಡಿಸಬೇಕೆಂಬುದು ಅವರ ಕಂಪನಿಯ ಆಸೆ. ಗಾಡಿಯ ಬುದ್ಧಿ ಹೊರದೇಶದ್ದು. ಅಲ್ಲಿನ ನಗರವೊಂದರಲ್ಲಿ ವರ್ಷಗಟ್ಟಲೆ ಓಡಿ, ಸಿಗ್ನಲ್ ಕಂಬಗಳ ಜತೆ ಮಾತಾಡಿಕೊಂಡು, ಒಂದು ಬೆಕ್ಕಿಗೂ ತಾಗದೆ ಪಳಗಿದ್ದು. ಅಲ್ಲಿನ ಪಾಠ ಒಂದೇ: ಮನುಷ್ಯ ಕಂಡರೆ ನಿಲ್ಲು, ಅವನು ದಾಟಿದ ಮೇಲೆ ಹೊರಡು.

ಮೊದಲ ದಿನ ಗಾಡಿ ಚೆನ್ನಾಗಿಯೇ ನಿಂತಿತು. ಚನ್ನಬಸಮ್ಮನವರೇ ದಾಟಲಿಲ್ಲ. ಅಂಗೈ ಬೀಸಿ, ಮುಂದೆ ಹೋಗಪ್ಪ ಎಂದು ಅದಕ್ಕೆ ದಾರಿ ಬಿಟ್ಟರು. ಗಾಡಿ ಹೋಗಲಿಲ್ಲ. ಇವರು ಮತ್ತೆ ಕೈ ಬೀಸಿದರು. ಅದು ಮತ್ತೆ ಕಾದಿತು. ಹೀಗೆ ಏಳು ನಿಮಿಷ ಇಬ್ಬರೂ ಎದುರುಬದುರು ನಿಂತರಂತೆ, ನೀವು ಮೊದಲು ನೀವು ಮೊದಲು ಎನ್ನುವ ಬೀಗರ ಹಾಗೆ. “ಗಾಡಿ ದೊಡ್ಡದೈತಿ, ನಾ ಸಣ್ಣಾಕಿ. ಮೊದಲ ಅದು ಹೋಗ್ಲಿ ಅಂತ ಕೈ ಮಾಡಿದ್ನಿರಿ” ಎನ್ನುತ್ತಾರೆ. ಜನ್ಮದಲ್ಲಿ ಯಾವ ಗಾಡಿಯೂ ಅವರಿಗಾಗಿ ನಿಂತಿರಲಿಲ್ಲ. ನಿಂತರೆ ಏನು ಮಾಡಬೇಕೆಂದೇ ಅವರಿಗೆ ತಿಳಿದಿರಲಿಲ್ಲ. ಇದನ್ನು ಕೇಳಿ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

ಹತ್ತು ಸಲದಲ್ಲಿ ಆರು ಸಲ ಹೀಗೇ ಆಗುತ್ತಿತ್ತು. ಗಾಡಿಯ ಕ್ಯಾಮೆರಾ ಹಿಡಿದ ಆ ವಿಡಿಯೋಗಳೆಲ್ಲ ‘ಕೆಟ್ಟಿದೆ’ ಎಂದು ಪಕ್ಕಕ್ಕೆ ಹೋದವು. ಸರಿಯಾಗಿ ದಾಟಲು ಬರುವವರನ್ನು ಹುಡುಕಿ ಎಂದು ಮೇಲಿನವರು ಹೇಳಿದರು. ಮೇಘಾ ಒಪ್ಪಲಿಲ್ಲ. “ನಮ್ಮಜ್ಜಿನೂ ಹಿಂಗೇ ದಾಟ್ತಿದ್ರು ಸಾರ್. ನಮ್ಮ ರೋಡಲ್ಲಿ ಎಲ್ರೂ ಹಿಂಗೇ ದಾಟೋದು. ಕೆಟ್ಟಿರೋದು ವಿಡಿಯೋ ಅಲ್ಲ, ಗಾಡಿಗೆ ನಮ್ಮ ಜನ ಗೊತ್ತಿಲ್ಲ ಅಷ್ಟೆ” ಎಂದು ನನಗೆ ಹೇಳುವಾಗಲೂ ಅವರ ದನಿ ಏರುತ್ತದೆ.

ಆ ವಿಡಿಯೋಗಳನ್ನು ಮೇಘಾ ಹೊರದೇಶದ ತಂಡಕ್ಕೇ ಕಳಿಸಿದರು. ಅಲ್ಲಿಂದ ಒಬ್ಬ ಹಿರಿಯರು ಕಂಪ್ಯೂಟರ್ ಪರದೆಯ ಮೇಲೆ ಬಂದು, ಈಕೆ ಯಾಕೆ ದಾಟುವುದಿಲ್ಲ ಎಂದು ನೇರವಾಗಿ ಕೇಳಿದರು. ಮೇಘಾ ಕನ್ನಡಕ್ಕೆ ತಿರುಗಿಸಿದರು. ಚನ್ನಬಸಮ್ಮ ಸೆರಗು ಸರಿಮಾಡಿಕೊಂಡು ಕೊಟ್ಟ ಉತ್ತರ ಇದು: “ನಾವು ಡ್ರೈವರನ ಮಾರಿ ನೋಡಿ ದಾಟತೀವ್ರಿ. ಅವ ನಮ್ಮನ್ನ ನೋಡ್ಯಾನೋ ಇಲ್ಲೋ, ಮಾರಿ ಹೇಳತೈತಿ. ಇದಕ್ಕ ಮಾರಿನ ಇಲ್ಲ. ಹ್ಯಾಂಗ ನಂಬಬೇಕ್ರಿ?”

ಗಾಡಿಗೆ ಮುಖವಿಲ್ಲವೆಂಬ ಮಾತನ್ನು ಆ ಕಡೆಯವರು ಬರೆದುಕೊಂಡರಂತೆ. ಆಮೇಲೆ, ನಮ್ಮಲ್ಲೂ ಮೊದಮೊದಲು ಮುದುಕರು ಹೀಗೇ ನಿಂತುಬಿಡುತ್ತಿದ್ದರು, ಗಾಡಿಯ ನೆತ್ತಿಗೊಂದು ದೀಪ ಹಾಕಿದೆವು ಎಂದರು. ಈಗ ಈ ಬಸ್ಸಿನ ನೆತ್ತಿಯ ಮೇಲೂ ಹಸಿರು ದೀಪವಿದೆ. ಹೊತ್ತಿಕೊಂಡರೆ, ನಿನ್ನನ್ನು ನೋಡಿದೆ ಎಂದು ಅರ್ಥ. ಅಲ್ಲಿಂದ ಬಂದದ್ದು ದೀಪ, ಇಲ್ಲಿ ಕಲಿಸಿದ್ದು ಕೈಸನ್ನೆ. ಅಂಗೈ ಬೀಸಿದರೆ ನಿಧಾನಕ್ಕೆ ಮುಂದೆ ಹೋಗು, ಕಾಲು ಎತ್ತಿಟ್ಟರೆ ನಿಲ್ಲು. ಗಾಡಿ ಒಮ್ಮೊಮ್ಮೆ ಚನ್ನಬಸಮ್ಮನವರ ಕನಸಿಗೂ ಬರುತ್ತದೆ. ಊರಿನ ಬಿಳಿಜೋಳದ ಹೊಲದಲ್ಲಿ, ತೆನೆಗಳ ನಡುವೆ ದೀಪ ಹಚ್ಚಿಕೊಂಡು, ಇವರು ದಾಟಲೆಂದು ಕಾಯುತ್ತ ನಿಂತಿರುತ್ತದಂತೆ.

ಆದರೆ ಈಗ ಹೊಸ ಅನುಮಾನ ಎದ್ದಿದೆ. ಗಾಡಿ ಕಲಿತದ್ದು ಜನರನ್ನೋ, ಚನ್ನಬಸಮ್ಮನೊಬ್ಬರನ್ನೋ? ಅದೇ ನಡಿಗೆ, ಅದೇ ಕುಂಟು, ಅದೇ ಕೈ. ಬೇರೆಯವರ ಸನ್ನೆ ಅದಕ್ಕೆ ತಿಳಿಯದಿದ್ದರೆ ಇವರ ಪಾಠವನ್ನೆಲ್ಲ ತೆಗೆದು, ಹೊರದೇಶದ ಪಾಠವೊಂದನ್ನೇ ಮೇಲಿನವರು ಉಳಿಸಿಕೊಳ್ಳುತ್ತಾರೆ. ಹಾಗಾಗಿ ಗಾಡಿಯ ಕಣ್ಣಿಗೆ ಎಂದೂ ಬೀಳದ ಒಬ್ಬರು ಇವತ್ತು ದಾಟಬೇಕು. ಮೇಘಾ ನನ್ನ ಮುಖ ನೋಡುತ್ತಾರೆ. ಒಳ್ಳೆ ಫಜೀತಿಗೆ ಸಿಕ್ಕಿಕೊಂಡೆ.

ಗಾಡಿ ಕಲಿತುಬಿಟ್ಟರೆ ಮತ್ತೆ ಪೊರಕೆ ಹಿಡಿಯಬೇಕಲ್ಲ ಎಂದು ಚನ್ನಬಸಮ್ಮನವರನ್ನು ಕೇಳುತ್ತೇನೆ, ನನ್ನ ಸರದಿ ಒಂದು ನಿಮಿಷ ತಡವಾಗಲಿ ಎಂಬ ಆಸೆಯೂ ಇದೆ. ಅವರಿಗೆ ಸಿಟ್ಟು ಬರುತ್ತದೆ. “ಕಲಸಾಕಂತನ ಬಂದೇನ್ರಿ. ಕಲೀಲಿಲ್ಲಂದ್ರ ನನಗ ನಾಚಿಕಿ.”

ರಸ್ತೆಯಂಚಿಗೆ ಹೋಗಿ ನಿಲ್ಲುತ್ತೇನೆ. ಗಾಡಿ ನಿಲ್ಲಿಸುವ ಗುಂಡಿಯ ಮೇಲೆ ಮೇಘಾ ಬೆರಳಿಟ್ಟಿದ್ದಾರೆ. ಮಂಜಿನಿಂದ ಬಿಳಿ ಬಸ್ಸು ಬರುತ್ತದೆ, ಒಳಗೆ ಖಾಲಿ. ಒಂದು ಹೆಜ್ಜೆ ಇಡುತ್ತೇನೆ. ನಿಲ್ಲುತ್ತದೆ, ಹಸಿರು ದೀಪ ಹೊತ್ತುತ್ತದೆ. ಇಷ್ಟೆಲ್ಲ ತಿಳಿದ ನಾನು ನೆಟ್ಟಗೆ ದಾಟಬೇಕೋ ಬೇಡವೋ? ಕೈ ತಾನಾಗಿ ಎದ್ದು, ಹೋಗಪ್ಪ ಎಂದು ಬೀಸಿಬಿಡುತ್ತದೆ. ಬಸ್ಸು ಒಂದು ಗಳಿಗೆ ಯೋಚಿಸಿದಂತೆ ಮಾಡಿ, ಮೆಲ್ಲಗೆ ನನ್ನನ್ನು ದಾಟಿ ಹೋಗುತ್ತದೆ. ಎರಡನೇ ಸಲ ಬಂದಾಗ ಕೈ ಕಟ್ಟಿಕೊಂಡು ನಡೆಯುತ್ತೇನೆ. ಪೂರ್ತಿ ದಾಟುವವರೆಗೆ ಅದು ಕಾಯುತ್ತದೆ.

ತಿರುಗಿ ನೋಡಿದರೆ ಚನ್ನಬಸಮ್ಮ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟಿದ್ದಾರೆ. ಕಣ್ಣು ಒದ್ದೆಯಾಗಿದೆ. ಗಾಡಿ ನಿಮ್ಮನ್ನು ಮರೆಯುವುದಿಲ್ಲ ಬಿಡಿ, ಎಲ್ಲಿದ್ದರೂ ಗುರುತು ಹಿಡಿಯುತ್ತದೆ ಎಂದು ಸಮಾಧಾನ ಮಾಡಲು ಹೋಗುತ್ತೇನೆ. ಅವರು ಬೇಡವೆಂದು ತಲೆಯಾಡಿಸುತ್ತಾರೆ.

“ನನ್ನ ಗುರ್ತ ಹಿಡಿಯೂದು ದೊಡ್ಡ ಮಾತಲ್ರಿ. ನಿಮ್ಮ ಗುರ್ತ ಅದಕ್ಕಿಲ್ಲ, ಆದ್ರೂ ನಿಂತತಿ. ಇನ್ನ ನಾ ಇಲ್ಲದಿದ್ರೂ ನಡೀತೈತಿ.”