ಏಣಿಯಿಂದ ಬಿದ್ದವನು ನಾನಲ್ಲ

ಮೊದಲೇ ಹೇಳಿಬಿಡುತ್ತೇನೆ: ಪೆಟ್ಟು ತಿಂದ ಗೆಳೆಯನನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವ ಬದಲು ಅವನ ನಕಲು ಮಾಡಿ ಜನರನ್ನು ನಗಿಸಿದ ಮಂಗ ನಾನೇ. ಸವಣೂರಿನಲ್ಲಿ ನಾನು ಅಣಕಿಸದವರು ಉಳಿದಿಲ್ಲ. ಯಾರೂ ಸಿಗದ ದಿನ ನನ್ನನ್ನೇ ಅಣಕಿಸಿಕೊಳ್ಳುತ್ತೇನೆ. ಮೈಮೇಲೆ ಗಾಳಿ ಬಂತು ಎಂದವರ ದನಿಯನ್ನೂ ತೆಗೆದು ನಕ್ಕವನು. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ದಾದಾಪೀರ ನನ್ನ ಜೊತೆ ಓದಿದವನು. ಅಣ್ಣನ ಎಲೆತೋಟದಲ್ಲಿ ಏಣಿ ಹತ್ತಿ ವೀಳ್ಯದೆಲೆ ಕೊಯ್ಯುವುದು ಅವನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಏಣಿ ಜಾರಿ ಬಿದ್ದ. ತಲೆ ಕಲ್ಲಿಗೆ ಬಡಿಯಿತು. ಗಾಯವೇನೂ ಆಗಲಿಲ್ಲ, ಎದ್ದು ಕುಳಿತ. ಆದರೆ ಮಾತು ಎಳೆದೆಳೆದು ಬರುತ್ತಿತ್ತು, ಕೇಳಿದ್ದನ್ನೇ ಕೇಳುತ್ತಿದ್ದ: "ಏಣಿ ಎಲ್ಲಿಟ್ರಿ?" ಏಣಿ ಅವನ ಕಾಲ ಬಳಿಯೇ ಬಿದ್ದಿತ್ತು.

ಸಂಜೆ, ಮಂಡಕ್ಕಿ-ಖಾರ ಮಾರುವ ಖಾರದ ಅಂಗಡಿಯ ಮುಂದೆ ನಾನು ಅದನ್ನೇ ಮಾಡಿ ತೋರಿಸಿದೆ. ಅರೆಗಣ್ಣು, ವಾಲಿದ ಕುತ್ತಿಗೆ, ತೂರಾಡುವ ನಡಿಗೆ, ಎಳೆದ ಮಾತು. ಅವನ ಅಣ್ಣನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಮುಗಿದ ಮೇಲೆ ಹೇಳಿದ: "ಇಂವಾ ಇಷ್ಟ್ ಹಗುರಕ ಮಾಡ್ತಾನಂದ್ರ, ಅಂವಾನೂ ನಾಟಕಾನ ಮಾಡಾಕತ್ತಾನ ಬಿಡ್ರಿ."

ಅಲ್ಲಿಂದ ದಾದಾಪೀರನ ಮಾತನ್ನು ಯಾರೂ ನಂಬಲಿಲ್ಲ. ವಾಂತಿ ಮಾಡಿಕೊಂಡ, ಬೆಳಕು ಚುಚ್ಚುತ್ತದೆ ಎಂದ. ಕೆಲಸಗಳ್ಳ ಎನ್ನಿಸಿಕೊಂಡ. ಎರಡು ದಿನ ನೋಡಿ, ತಡೆಯಲಾಗದೆ ನಾನೇ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದೊಯ್ದೆ.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಸಣ್ಣ ಪೆಟ್ಟು ಅದರಲ್ಲಿ ಕಾಣದೆಯೂ ಇರಬಹುದು ಎಂದರು ಡಾಕ್ಟರಮ್ಮ. ಮಿದುಳಿಗೆ ಪೆಟ್ಟಾದರೆ ಅದರ ಜೀವಕೋಶಗಳಿಂದ ಕೆಲವು ಪ್ರೋಟೀನುಗಳು ರಕ್ತಕ್ಕೆ ಸೋರುತ್ತವಂತೆ; ಅವನ್ನು ಅಳೆಯುವ ಹೊಸ ಯಂತ್ರವೊಂದನ್ನು ಅವರು ಪರೀಕ್ಷಿಸಿ ನೋಡುತ್ತಿದ್ದರು. ಹೋಲಿಕೆಗೆ ಪೆಟ್ಟಾಗದವರ ರಕ್ತವೂ ಬೇಕಿತ್ತು. ನನ್ನ ತಲೆಯಿಂದ ಸೋರಲು ಒಳಗೆ ಏನಾದರೂ ಇರಬೇಕಲ್ಲ ಎನ್ನುತ್ತ ನಾನೂ ತೋಳು ಚಾಚಿದೆ.

ದಾದಾಪೀರನ ರಕ್ತ ಸರಿಯಾಗಿತ್ತು. ಏರಿದ್ದು ನನ್ನದು.

ಎಲ್ಲಾದರೂ ಬಿದ್ದಿದ್ದೆಯಾ ಎಂದು ಡಾಕ್ಟರಮ್ಮ ಮತ್ತೆ ಮತ್ತೆ ಕೇಳಿದರು. ಬಿದ್ದಿರಲಿಲ್ಲ. ಶೀಶೆ ಅದಲುಬದಲಾಗಿರಬೇಕೆಂದು ತಾವೇ ಹೊಸದಾಗಿ ರಕ್ತ ತೆಗೆದು, ತಾವೇ ಹೆಸರು ಬರೆದರು. ಮತ್ತೆ ಅದೇ. ದಾದಾಪೀರ ತಡವಾಗಿ ಬಂದಿದ್ದಾನೆ, ಇಷ್ಟರಲ್ಲಿ ಇಳಿದಿರಬಹುದು, ರಕ್ತ ಸರಿಯಿದೆಯೆಂದು ಪೆಟ್ಟೇ ಆಗಿಲ್ಲ ಎನ್ನಲಾಗದು, ವಿಶ್ರಾಂತಿ ಬೇಕೇ ಬೇಕು ಎಂದರು. ನನ್ನ ವಿಷಯಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸುತ್ತ ಕುಳಿತರು. ಇವತ್ತು ಒಬ್ಬನೇ ಇರಬೇಡ, ಯಾರನ್ನಾದರೂ ಜೊತೆಗೆ ಕರೆದುಕೋ ಎಂದಷ್ಟೇ ಹೇಳಿದರು.

ಸವಣೂರಿನಲ್ಲಿ ನನ್ನದು ಒಂಟಿ ಬಾಡಿಗೆ ಕೋಣೆ. ಆ ರಾತ್ರಿ ಹಿರೇಕೆರೂರಿನಲ್ಲಿದ್ದ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ನಕ್ಕಳು. "ದಾದಾಪೀರನ ದನಿ ಥೇಟ್ ತಗದಿ ನೋಡಪ್ಪ. ಸಾಕಿನ್ನ, ನಿನ್ನ ದನೀಲೆ ಮಾತಾಡು."

ನಾನು ನನ್ನ ದನಿಯಲ್ಲೇ ಮಾತಾಡುತ್ತಿದ್ದೆ.

ಖಾರದ ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಚ್ಚಿದ. ಅಷ್ಟೂ ಜನ ನಗುವುದು ಕೇಳಿಸಿತು. ಯಾರೂ ಬರಲಿಲ್ಲ. ದೀಪ ಕಣ್ಣಿಗೆ ಚುಚ್ಚಿತು, ಆರಿಸಿದೆ. ಯಾರಾದರೂ ಹಾಯ್ದು ಹೋದಾರು ಎಂದು ಬಾಗಿಲು ತೆರೆದಿಟ್ಟು ಗೋಡೆಗೆ ಒರಗಿದೆ. ಆ ಕತ್ತಲಲ್ಲಿ, ನಗುವವರು ಒಬ್ಬರೂ ಇಲ್ಲದ ಕೋಣೆಯಲ್ಲಿ, ನನ್ನ ಬಾಯಿ ತಾನಾಗಿಯೇ ಕೇಳಿತು: "ಏಣಿ ಎಲ್ಲಿಟ್ರಿ?" ನಾನು ಬಾಯಿಯ ಮೇಲೆ ಕೈ ಒತ್ತಿ ಹಿಡಿದೆ. ಮುಂಗೈಗೆ ಬಿಸಿ ಉಸಿರು ತಾಗುತ್ತಿತ್ತು; ಅದು ಯಾರದೆಂದು ಆಗ ಹೇಳಲಾಗುತ್ತಿರಲಿಲ್ಲ.

ವಾರದ ನಂತರ ನೋಡಿದಾಗ ನನ್ನ ರಕ್ತ ಸರಿಹೋಗಿತ್ತು, ದನಿಯೂ ಮರಳಿತ್ತು. ಏಕೆ ಏರಿತು, ಏಕೆ ಇಳಿಯಿತು, ಡಾಕ್ಟರಮ್ಮನಿಗೂ ತಿಳಿಯಲಿಲ್ಲ. ನನಗಂತೂ ಇಂದಿಗೂ ತಿಳಿದಿಲ್ಲ.

ಅಷ್ಟರಲ್ಲಿ ದಾದಾಪೀರನ ಅಣ್ಣ, ರಕ್ತ ಸರಿಯಿದೆ ಎಂಬುದೊಂದನ್ನೇ ಹಿಡಿದು, ವಿಶ್ರಾಂತಿಯ ಮಾತನ್ನು ಬಿಟ್ಟು, ಅವನನ್ನು ಮತ್ತೆ ಏಣಿ ಹತ್ತಿಸಿದ್ದ. ನಾನು ತೋಟಕ್ಕೆ ಓಡಿದೆ. ಬಿಸಿಲು ತಡೆಯದೆ ಅವನು ಕಣ್ಣಿನವರೆಗೆ ಟವೆಲ್ ಎಳೆದುಕೊಂಡು ಏಣಿಯ ಬುಡದಲ್ಲಿ ನಿಂತಿದ್ದ. ಇಬ್ಬರ ರಕ್ತ ಅದಲುಬದಲಾಗಿತ್ತು, ಏರಿದ್ದು ನಿನ್ನದೇ ಎಂದು ನಿನ್ನ ಅಣ್ಣನಿಗೆ ಆಣೆ ಮಾಡಿ ಹೇಳುತ್ತೇನೆ ಎಂದೆ. ಅವನು ಟವೆಲ್ ಸರಿಸದೆಯೇ ಹೇಳಿದ:

"ದನಿ ತಗೊಂಡಿ, ಸುಮ್ಮನಿದ್ದೆ. ನಡಿಗಿ ತಗೊಂಡಿ, ಸುಮ್ಮನಿದ್ದೆ. ಬಿದ್ದಾಂವ ನಾನ ಲೇ, ನಿನ್ನ ರಕ್ತದ ಸಾಕ್ಷಿ ಬ್ಯಾಡ. ಪೆಟ್ಟನ್ನರ ನನಗ ಬಿಡು."